ಪದ್ಯ ಮುಗಿಯುವವರೆಗೆ ಹೊಡೆಯಬಾರದು

ನಮ್ಮ ಚಿಕ್ಕಪ್ಪ ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಸತ್ತಿದ್ದಾರೆ ಎಂದು ಲೆಕ್ಕ ಇಟ್ಟವರಿಲ್ಲ. ತೋಳ ಕಚ್ಚಿ ಸತ್ತಿದ್ದಾರೆ. ಎಮ್ಮೆ ಗಾತ್ರದ ಜೇಡ ಕಡಿದು ಸತ್ತಿದ್ದಾರೆ. ಸೇತುವೆ ದಾಟಲು ಹೋಗಿ, ಸೇತುವೆ ಒಂದು ಕಡೆ ಇವರೊಂದು ಕಡೆ ಆಗಿ, ಹೊಳೆಗೆ ಬಿದ್ದು ಸತ್ತಿದ್ದಾರೆ. ಒಮ್ಮೆಯಂತೂ ಅಂಗಡಿಯವನ ಜೊತೆ ಚೌಕಾಸಿ ಮಾಡುತ್ತಾ ತಪ್ಪು ಗುಂಡಿ ಒತ್ತಿ ಅವನ ತಲೆಗೆ ಗದೆಯಿಂದ ಬಡಿದು, ಊರಿನ ಕಾವಲುಗಾರರೆಲ್ಲ ಅಟ್ಟಿಸಿಕೊಂಡು ಬಂದು ಇವರನ್ನು ಮುಗಿಸಿದ್ದಾರೆ. ಇಷ್ಟೆಲ್ಲ ನಡೆದದ್ದು ಗುಬ್ಬಿಯ ಅವರ ಮನೆಯ ಪಡಸಾಲೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲಿರುವ ಹಳೆಯ ಕಂಪ್ಯೂಟರಿನೊಳಗೆ. ಪ್ರತಿ ಸಲ ಅವರು ಪ್ರಾಣ ಬಿಟ್ಟಾಗಲೂ ಅಡುಗೆಮನೆಯಿಂದ ಚಿಕ್ಕಮ್ಮನ ದನಿ ಬರುತ್ತದೆ:

"ಸತ್ರಾ? ಸರಿ ಹಾಗಾದ್ರೆ, ಊಟಕ್ಕೆ ಬನ್ನಿ."

ಎಪ್ಪತ್ತರ ಹತ್ತಿರ ಬಂದ ಮನುಷ್ಯ ಹೀಗೆ ಆಟವಾಡುತ್ತಾ ಕೂರುತ್ತಾರಲ್ಲ, ಹುಚ್ಚೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ. ಈಗ ಉತ್ತರ ಗೊತ್ತಿದೆ ಎಂದುಕೊಂಡಿದ್ದೇನೆ. ಆದರೆ ನನ್ನ ನೆನಪಿನ ಮೇಲೆ ನನಗೇ ಪೂರ್ತಿ ನಂಬಿಕೆಯಿಲ್ಲ. ತುಮಕೂರಿನಲ್ಲಿ ಎಂ.ಎ. ಓದುವಾಗ ಶುರುಮಾಡಿದ ಡೈರಿಯನ್ನು ಇವತ್ತಿಗೂ ಬರೆಯುತ್ತಿರುವುದು ಅದಕ್ಕೇ. ನೆನಪು ಒಂದು ಹೇಳಿದರೆ ಡೈರಿ ಇನ್ನೊಂದು ಹೇಳುತ್ತದೆ. ಚಿಕ್ಕಮ್ಮನನ್ನು ಕೇಳಿದರೆ ಮೂರನೆಯದೇ ಹೊರಬರುತ್ತದೆ. ಆದ್ದರಿಂದ ಇದನ್ನು ಓದುವಾಗ ಒಂದು ಚಿಟಿಕೆ ಉಪ್ಪು ನೀವೇ ಹಾಕಿಕೊಳ್ಳಿ.

ಚಿಕ್ಕಪ್ಪ ಸಿ.ಎಸ್. ಪುರದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಶಾಲೆಗೆ ಒಂದಷ್ಟು ಕಂಪ್ಯೂಟರುಗಳು ಬಂದವು. ಅವುಗಳಲ್ಲಿ ಇದ್ದದ್ದು ಎಲ್ಲರ ಮನೆಯಲ್ಲಿರುವ ವಿಂಡೋಸ್ ಅಲ್ಲ, ಲಿನಕ್ಸ್. ಉಳಿದ ಮೇಷ್ಟ್ರುಗಳು ಅದನ್ನು ನೋಡಿ ಬಾಗಿಲು ಹಾಕಿ ಬೀಗ ಜಡಿದರು. ಚಿಕ್ಕಪ್ಪ ಒಳಗೆ ಹೋದವರು ಹೊರಗೆ ಬರಲೇ ಇಲ್ಲ.

"ನೋಡಮ್ಮ," ಎಂದು ನನಗೆ ಪಾಠ ಮಾಡಿದ್ದರು. "ಇದನ್ನ ಯಾರೋ ಒಬ್ಬ ಮಾಡಿ ಮಾರ್ತಿಲ್ಲ. ಪ್ರಪಂಚದ ಜನ ಎಲ್ಲ ಸೇರಿ ಮಾಡಿ ಬಿಟ್ಟವ್ರೆ. ಒಳಗೇನಿದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು, ಕೆಟ್ರೆ ರಿಪೇರಿ ಮಾಡ್ಬೋದು. ಊರ ಬಾವಿ ಇದ್ದಂಗೆ ಕಣಮ್ಮ."

"ಊರ ಬಾವಿಗೆ ಬಿಂದಿಗೆ ಬಿಟ್ರೆ ಸದ್ದಾದ್ರೂ ಬರುತ್ತೆ," ಎಂದರು ಚಿಕ್ಕಮ್ಮ. "ನಿಮ್ಮ ಡಬ್ಬಕ್ಕೆ ಅದೂ ಇಲ್ಲ."

ಚಿಕ್ಕಮ್ಮ ಹೇಳಿದ್ದು ನಿಜ. ಚಿಕ್ಕಪ್ಪ ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ ದಿನದಿಂದ ಅದರಲ್ಲಿ ಸದ್ದು ನಿಂತುಹೋಯಿತು. ಸ್ಪೀಕರ್ ಬದಲಾಯಿಸಿದರು, ವೈರು ಬದಲಾಯಿಸಿದರು, ಏನೇನೋ ಆಜ್ಞೆಗಳನ್ನು ಟೈಪು ಮಾಡಿದರು. ಊಹೂಂ. ಕೊನೆಗೆ ಸ್ಪೀಕರನ್ನು ಬಿಚ್ಚಿ ಅಟ್ಟದ ಮೇಲಿಟ್ಟು, "ಮೌನ ಒಳ್ಳೇದು," ಎಂದು ತೀರ್ಪು ಕೊಟ್ಟರು. ಸೋತ ಯುದ್ಧಕ್ಕೆ ತತ್ವಜ್ಞಾನದ ಹೊದಿಕೆ ಹೊದಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ತಾವೊಬ್ಬರೇ ಉದ್ಧಾರವಾದರೆ ಸಾಕೆ? ತುಮಕೂರಿನಲ್ಲಿ ನಮ್ಮ ಭಾವನ ಜೆರಾಕ್ಸ್ ಅಂಗಡಿಯಿದೆ. ಒಂದು ಮಧ್ಯಾಹ್ನ ಭಾವ ಊಟಕ್ಕೆ ಮನೆಗೆ ಬಂದಾಗ ಅಂಗಡಿ ನೋಡಿಕೊಳ್ಳಲು ಚಿಕ್ಕಪ್ಪ ಕೂತಿದ್ದರು. ಭಾವ ಮಜ್ಜಿಗೆ ಕುಡಿದು ಹಿಂತಿರುಗುವಷ್ಟರಲ್ಲಿ ಅಂಗಡಿಯ ಕಂಪ್ಯೂಟರಿಗೆ ಮೋಕ್ಷ ಸಿಕ್ಕಿತ್ತು. ಪ್ರಿಂಟರಿಗೆ ಸಿಕ್ಕಿರಲಿಲ್ಲ. ಅದು ಹೊಸ ಸೊಸೆಯ ಹಾಗೆ ಮುಖ ತಿರುಗಿಸಿ ಕೂತಿತ್ತು.

"ಮಾವ, ಪ್ರಿಂಟೇ ಬರ್ತಿಲ್ವಲ್ಲ."

"ಪ್ರಿಂಟರ್ ಮಾಡ್ದೋರು ಒಳಗಿನ ಗುಟ್ಟು ತೋರ್ಸಲ್ಲ ಅಂತಾರಪ್ಪ. ನೀನೇ ಹೇಳು, ತಪ್ಪು ಯಾರ್ದು?"

"ತಪ್ಪು ಯಾರ್ದಾದ್ರೂ ಆಗ್ಲಿ ಮಾವ, ಗಿರಾಕಿ ನಂದು."

ಇಂಥ ಚಿಕ್ಕಪ್ಪನಿಗೆ ಕಂಪ್ಯೂಟರ್ ಆಟದ ಹುಚ್ಚು ಹಿಡಿಸಿದ್ದು ಕುಣಿಗಲ್ ಮಾಮ. ಹಿಡಿಸಿದ್ದು ಎಂದರೆ ಅವರೇನೂ ಮಾಡಲಿಲ್ಲ. ಸುಮ್ಮನಾದರು, ಅಷ್ಟೇ.

ಕುಣಿಗಲ್ ಮಾಮ ನಮಗೆ ರಕ್ತಸಂಬಂಧಿಯಲ್ಲ. ಅದಕ್ಕಿಂತ ಹತ್ತಿರದವರು, ನಮ್ಮ ಚಿಕ್ಕಪ್ಪನ ತೊಡೆ ಮುರಿದವರು. ನಮ್ಮ ಕಡೆ ಪೌರಾಣಿಕ ನಾಟಕ ಆಡದ ಊರಿಲ್ಲ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪದ್ಯ ಕಲಿಸುತ್ತಾರೆ. ಹಗಲು ಹೊಲ, ಆಫೀಸು, ಬಸ್ಸು ಎಂದು ಓಡಾಡುವವರು ಸಂಜೆ ರಾಜರಾಗುತ್ತಾರೆ. ಚಿಕ್ಕಪ್ಪ ಗದೆ ಹಿಡಿದ ರಾಜ. ಕುಣಿಗಲ್ ಮಾಮ ಗದೆ ಹಿಡಿದ ಎದುರಾಳಿ. ಕೊನೆಯ ದೃಶ್ಯದಲ್ಲಿ ತೊಡೆ ಯಾರದು ಮುರಿಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಎಷ್ಟೋ ವರ್ಷ, ಎಷ್ಟೋ ಊರುಗಳಲ್ಲಿ ಒಬ್ಬರು ಮುರಿದರು, ಒಬ್ಬರು ಮುರಿಸಿಕೊಂಡರು. ಊರ್ಡಿಗೆರೆಯಲ್ಲಿ ಒಮ್ಮೆ ಗದೆ ನಿಜವಾಗಿಯೂ ಬಿದ್ದು ಚಿಕ್ಕಪ್ಪ ವಾರಗಟ್ಟಲೆ ಕುಂಟುತ್ತಾ ಪಾಠ ಮಾಡಿದ್ದರಂತೆ. ಆ ಗದೆ ಕೆಂಪು ಬಣ್ಣದ್ದು ಎಂದು ನನ್ನ ನೆನಪು. "ಬೆಳ್ಳಿ ಕಾಗದ ಸುತ್ತಿದ್ದು ಕಣೇ. ನೀನೆಲ್ಲಿ ನೋಡ್ದೆ? ಗದೆ ಏಳೋ ಹೊತ್ತಿಗೆ ನನ್ನ ತೊಡೆ ಮೇಲೆ ನಿದ್ದೆ ಹೊಡೀತಿದ್ದೆ," ಎನ್ನುತ್ತಾರೆ ಚಿಕ್ಕಮ್ಮ. ಇರಬಹುದು.

ಆ ನಾಟಕಗಳಿಗೆ ಒಂದು ನಿಯಮವಿದೆ. ಎದುರಾಳಿ ಪದ್ಯ ಹಾಡುವಾಗ ಹೊಡೆಯಬಾರದು. ಅವನು ಎಲವೋ ಎಂದು ಶುರುಮಾಡಿ, ರಾಗ ಎಳೆದು, ನಿನ್ನ ವಂಶ ನಾಶ ಮಾಡುತ್ತೇನೆ ಎಂದು ಹಾಡುತ್ತಿದ್ದರೆ ನೀವು ಗದೆಯನ್ನು ಹೆಗಲ ಮೇಲಿಟ್ಟುಕೊಂಡು ಗೌರವದಿಂದ ಕೇಳಿಸಿಕೊಳ್ಳಬೇಕು. ಜನ ಒನ್ಸ್ ಮೋರ್ ಎಂದರೆ ಮತ್ತೊಂದು ಸಲ ಕೇಳಿಸಿಕೊಳ್ಳಬೇಕು. ಸತ್ತ ಮೇಲೂ ಒನ್ಸ್ ಮೋರ್ ಬಿದ್ದರೆ, ಸತ್ತವನು ಎದ್ದು, ಪಂಚೆ ಸರಿಮಾಡಿಕೊಂಡು, ಇನ್ನೊಂದು ಸಲ ಹಾಡಿ ಸಾಯಬೇಕು. ವೈರ ಎಂದರೆ ಹೀಗಿರಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕುಣಿಗಲ್ ಮಾಮ ಬಸ್ ಕಂಡಕ್ಟರ್ ಆಗಿದ್ದವರು. ಹಿಂದಿನ ಬಾಗಿಲಲ್ಲಿ ನಿಂತು ಹೋಲ್ಡಾನ್ ಎಂದರೆ ಹಿಂದಿನ ಬಸ್ಸೂ ನಿಲ್ಲುತ್ತಿತ್ತು, ರೈಟ್ ಎಂದರೆ ಮುಂದಿನ ಬಸ್ಸೂ ಹೊರಡುತ್ತಿತ್ತು. ಆ ಗಂಟಲಿಗೆ ಗೆಡ್ಡೆ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು, ದನಿ ಹೋಯಿತು.

ಅಲ್ಲಿಂದ ಮಾಮ ಹೊರಗೆ ಬರುವುದು ಬಿಟ್ಟರು. ಗುಬ್ಬಿಗೆ ಬರಲಿಲ್ಲ, ಕಲಾವಿದರ ಮದುವೆ ಮುಂಜಿಗೂ ಹೋಗಲಿಲ್ಲ. ಬರೆದು ತೋರಿಸಲು ಯಾರೋ ಸ್ಲೇಟು ಕೊಟ್ಟರೆ ತೆಗೆದು ಅಟ್ಟಕ್ಕೆ ಎಸೆದರಂತೆ. ವಾಟ್ಸಾಪಿನಲ್ಲಿ ಚಿಕ್ಕಪ್ಪ ಪುಟಗಟ್ಟಲೆ ಕಳಿಸಿದರೆ ಆ ಕಡೆಯಿಂದ ಬರುತ್ತಿದ್ದದ್ದು ಒಂದು ಹೆಬ್ಬೆರಳಿನ ಗುರುತು. ಚಿಕ್ಕಪ್ಪ ಕುಣಿಗಲ್‌ಗೆ ಹೋಗಿ, ತಾವೇ ಪ್ರಶ್ನೆ ಕೇಳಿ, ತಾವೇ ಉತ್ತರ ಹೇಳಿ, ತಾವೇ ನಕ್ಕು ಬರುತ್ತಿದ್ದರು. ಹಾಗೆ ಬಂದ ಒಂದು ದಿನ ತುಮಕೂರಿನ ನಮ್ಮ ಮನೆಗೆ ಇಳಿದು, ಕಾಫಿ ಲೋಟ ಕೈಯಲ್ಲಿ ಹಿಡಿದು ಕುಡಿಯದೆ ಕೂತಿದ್ದರು.

"ಹಿಂಗೇ ಬಿಟ್ರೆ ಅವ್ನು ಇದ್ದೂ ಇಲ್ದಂಗಾಗ್ತಾನೆ ಕಣಮ್ಮ," ಎಂದರು. "ಅವನ್ನ ಹೆಂಗಾದ್ರೂ ಇನ್ನೊಂದ್ಸಲ ಸ್ಟೇಜ್ ಹತ್ತಿಸ್ಬೇಕು."

"ದನಿ ಇಲ್ದೆ ಹ್ಯಾಗೆ ಚಿಕ್ಕಪ್ಪ?"

"ಯಾರಿಗೂ ದನಿ ಇಲ್ದೇ ಇರೋ ಸ್ಟೇಜ್ ಬೇಕು."

ಅಂಥದ್ದೊಂದು ಇದೆಯಂತೆ. ಯಾವನೋ ಹಳೆಯ ಶಿಷ್ಯ ಹೇಳಿದ್ದನಂತೆ. ಇಂಟರ್ನೆಟ್ಟಿನಲ್ಲಿ ಪಾತ್ರ ಹಾಕುವ ಆಟಗಳಿವೆ. ಪ್ರತಿಯೊಬ್ಬರೂ ಒಂದು ವೇಷ ತೊಟ್ಟು ಒಂದೇ ಊರೊಳಗೆ ಓಡಾಡುತ್ತಾರೆ, ಕಾದಾಡುತ್ತಾರೆ. ಮಾತು? ಎಲ್ಲರೂ ಟೈಪು ಮಾಡುವುದೇ. "ಅಲ್ಲಿ ಎಲ್ರೂ ಮೂಗರೇ," ಎನ್ನುವಾಗ ಚಿಕ್ಕಪ್ಪನ ಮುಖ ನೋಡಬೇಕಿತ್ತು. ಸ್ವರ್ಗದ ವಿಳಾಸ ಸಿಕ್ಕಿದವರ ಹಾಗಿತ್ತು.

"ಮೊಬೈಲಲ್ಲೇ ಆಡ್ಬೋದಲ್ಲ," ಎಂದೆ.

"ಅದ್ರಲ್ಲಿ ಎರಡು ನಿಮಿಷಕ್ಕೊಂದು ಜಾಹೀರಾತು. ನಾನು ಪದ್ಯ ಶುರುಮಾಡಿರ್ತೀನಿ, ಮಧ್ಯ ಯಾವಳೋ ಬಂದು ಸೋಪು ಮಾರ್ತಾಳೆ. ಆಗುತ್ತಾ?"

ಹೀಗೆ ಅನ್ವೇಷಣೆ ಶುರುವಾಯಿತು. ಆಟ ಲಿನಕ್ಸಿನಲ್ಲಿ ಓಡಬೇಕು. ಏಕೆಂದರೆ ಚಿಕ್ಕಪ್ಪ ಅದು ಬಿಟ್ಟು ಬೇರೆ ಮುಟ್ಟುವುದಿಲ್ಲ, ಮಾಮನಿಗೆ ಕೊಡಲಿರುವ ಹಳೆಯ ಕಂಪ್ಯೂಟರು ಬೇರೆ ಯಾವುದನ್ನೂ ಹೊರುವುದಿಲ್ಲ. ಗದೆ ಇರಬೇಕು. ಮೀಸೆ ಇರಬೇಕು. ಕನ್ನಡದಲ್ಲಿ ಟೈಪು ಮಾಡಿದರೆ ಕನ್ನಡವೇ ಕಾಣಿಸಬೇಕು. ವರಾನ್ವೇಷಣೆಯಲ್ಲಿ ಇದಕ್ಕಿಂತ ಕಡಿಮೆ ಷರತ್ತು ಹಾಕಿದವರೂ ಮಗಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದಾರೆ!

ಮೊದಲ ಆಟ ತೆರೆದುಕೊಳ್ಳಲೇ ಇಲ್ಲ. ಎರಡನೆಯದು ತೆರೆದುಕೊಂಡಿತು, ಆದರೆ ಕಂಪ್ಯೂಟರಿನ ಶಕ್ತಿ ಸಾಲದೆ ವೀರನಿಗೆ ತಲೆ ಬರಲಿಲ್ಲ. ಮುಂಡ ಮಾತ್ರ ಕತ್ತಿ ಹಿಡಿದು ಊರೆಲ್ಲ ಓಡಾಡಿತು. ಮತ್ತೊಂದರಲ್ಲಿ ತಲೆಯಿತ್ತು, ಮೀಸೆಯಿರಲಿಲ್ಲ. "ಮೀಸೆ ಇಲ್ದಿರೋ ರಾಜನ್ನ ಯಾರು ಹೊಡೀತಾರೆ? ಪಾಪ ಅಂತಾರೆ," ಎಂದು ಅದನ್ನೂ ಅಳಿಸಿದರು. ಇನ್ನೊಂದರಲ್ಲಿ ತಲೆ, ಮೀಸೆ, ಗದೆ ಎಲ್ಲ ಇತ್ತು. ಚಿಕ್ಕಪ್ಪ ಉಬ್ಬಿಹೋಗಿ ಕಾಡಿಗೆ ನುಗ್ಗಿದರು. ಹಸಿರು ಬಣ್ಣದ ಕುಳ್ಳ ರಾಕ್ಷಸನೊಬ್ಬ ಎದುರಾದ. ಚಿಕ್ಕಪ್ಪ ಏನು ಮಾಡಿದರು? ಗದೆ ಎತ್ತಿದರೇ? ಇಲ್ಲ. ಪ್ರವೇಶದ ಪದ್ಯ ಟೈಪು ಮಾಡಲು ಕೂತರು. ಎರಡನೇ ಸಾಲಿನಲ್ಲಿ ಒತ್ತಕ್ಷರ ಹುಡುಕುತ್ತಿರುವಾಗ ರಾಕ್ಷಸ ಇವರನ್ನು ಕೊಂದು, ಇವರ ಬೂಟು ತೆಗೆದುಕೊಂಡು ಹೋದ.

"ಪದ್ಯ ಮುಗಿಯೋವರ್ಗೂ ಹೊಡೀಬಾರ್ದು ಅನ್ನೋ ಸಾಮಾನ್ಯ ಜ್ಞಾನ ಬೇಡ್ವಾ?" ಎಂದು ನನ್ನನ್ನು ಕೇಳಿದರು. ರಾಕ್ಷಸನ ಪರವಾಗಿ ನಾನು ಕ್ಷಮೆ ಕೇಳಬೇಕಾಯಿತು.

"ಮೊದ್ಲು ಹೊಡೆದು, ಆಮೇಲೆ ಹಾಡಿ ಚಿಕ್ಕಪ್ಪ."

"ಸತ್ತವನ ಮುಂದೆ ಹಾಡಕ್ಕೆ ನಾನೇನು ಭಜನೆ ಮಂಡ್ಳಿಯೋನಾ?"

ಅದೇ ಆಟದಲ್ಲಿ ಅವರಿಗೆ ಇನ್ನೊಂದು ಗತಿಯೂ ಆಯಿತು. ಊರ ಚೌಕದಲ್ಲಿ ನಿಂತು, ನೂರಾರು ದೇಶದ ಆಟಗಾರರ ಮಧ್ಯೆ, ಪದ್ಯದ ಮೇಲೆ ಪದ್ಯ ಟೈಪು ಮಾಡಿದರು. ಪರದೆಯ ಮೇಲೆ ಕನ್ನಡದ ಬದಲು ಸಾಲುಸಾಲು ಖಾಲಿ ಚೌಕಗಳು ಬಿದ್ದವು. ಯಾವುದೋ ಯಂತ್ರ ಕೆಟ್ಟು ಕಸ ಉಗುಳುತ್ತಿದೆ ಎಂದುಕೊಂಡ ಆಟದ ಮೇಲ್ವಿಚಾರಕರು ಇವರ ಮಾತನ್ನು ಒಂದು ದಿನದ ಮಟ್ಟಿಗೆ ಕಟ್ಟಿಹಾಕಿದರು. ಏನು ಟೈಪು ಮಾಡಿದರೂ ಯಾರಿಗೂ ಕಾಣದು. ಚಿಕ್ಕಪ್ಪನ ರಾಜ ಚೌಕದಲ್ಲಿ ನಿಂತಿದ್ದ. ಜನ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಆ ದಿನ ಚಿಕ್ಕಪ್ಪ ತಮಾಷೆ ಮಾಡಲಿಲ್ಲ. ಚಿಕ್ಕಮ್ಮ ಊಟಕ್ಕೆ ಕರೆದರೂ ಏಳದೆ ಪರದೆ ನೋಡುತ್ತಿದ್ದರು. "ಹಿಂಗಿರುತ್ತೆ ಅವ್ನಿಗೆ," ಎಂದರು. ಹಾಗೆಂದರು ಎಂದು ಡೈರಿಯಲ್ಲೂ ಇದೆ.

ಕೊನೆಗೆ ಒಂದು ಆಟ ಸಿಕ್ಕಿತು. ಅದೂ ಲಿನಕ್ಸಿನ ಹಾಗೆಯೇ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು. ಚಿತ್ರಗಳು ಮಕ್ಕಳು ಬರೆದ ಹಾಗಿದ್ದವು. ಆಡುವವರು ಬೆರಳೆಣಿಕೆ. ಗದೆಯಿತ್ತು, ಮೀಸೆಯಿತ್ತು, ಕನ್ನಡ ಮಾತ್ರ ಅಲ್ಲೂ ಖಾಲಿ ಚೌಕ. ಚಿಕ್ಕಪ್ಪ ಆಟ ಮಾಡಿದವರಿಗೊಂದು ಮನವಿ ಬರೆದರು. ಇಂಗ್ಲಿಷನ್ನು ನಾನೇ ತಿದ್ದಬೇಕಾಯಿತು. ಗದೆ, ಗಂಟಲು, ಬಸ್ಸು, ಪದ್ಯ, ಎಲ್ಲ ಅದರಲ್ಲಿತ್ತು. "ಇಷ್ಟುದ್ದ ಯಾರು ಓದ್ತಾರೆ ಚಿಕ್ಕಪ್ಪ?" ಎಂದೆ. ಯಾರೋ ಓದಿದರು. ಯಾವ ದೇಶದವರೋ ಗೊತ್ತಿಲ್ಲ. ಹೆಸರಿನ ಜಾಗದಲ್ಲಿ ಒಂದು ಕಪ್ಪೆಯ ಚಿತ್ರವಿತ್ತು. ಕೆಲವು ದಿನಗಳಲ್ಲಿ ಆಟದೊಳಗೆ ಕನ್ನಡದ ಅಕ್ಷರಗಳನ್ನು ಸೇರಿಸಿ, ಸರಿಯಾಗಿದೆಯೇ ನೋಡಿ ಎಂದು ಬರೆದರು. ಚಿಕ್ಕಪ್ಪ "ಎಲವೋ" ಎಂದು ಟೈಪು ಮಾಡಿದರು. ಪರದೆಯ ಮೇಲೆ ಎಲವೋ ಎಂದೇ ಬಂತು. ಆ ಕಪ್ಪೆಗೆ ಗುಬ್ಬಿಗೆ ಊಟಕ್ಕೆ ಬರಲು ಆಹ್ವಾನ ಹೋಗಿದೆ. ಇನ್ನೂ ಬಂದಿಲ್ಲ.

ಮಾಮನಿಗೆ ಕಂಪ್ಯೂಟರ್ ಮುಟ್ಟಿಸಲು ನಾವಿಬ್ಬರೂ ತುಮಕೂರಿನಿಂದ ಬಸ್ಸಿನಲ್ಲಿ ಹೋದೆವು. ನನ್ನ ತೊಡೆಯ ಮೇಲೆ ಮಾನಿಟರು, ಅವರ ತೊಡೆಯ ಮೇಲೆ ಸಿಪಿಯು.

"ಅದಕ್ಕೆ ಲಗೇಜ್ ತಗೋಬೇಕು ಯಜಮಾನ್ರೇ," ಎಂದ ಕಂಡಕ್ಟರ್.

ಚಿಕ್ಕಪ್ಪ ಇದು ಇಂಥವರಿಗೆ ಎಂದು ಮಾಮನ ಹೆಸರು ಹೇಳಿದರು.

"ಅಯ್ಯೋ, ಅವ್ರಿಗಾ? ಅವ್ರ ಬಸ್ಸಿಗೆ ವಿಸಿಲ್ ಬೇಕಿರ್ಲಿಲ್ಲ ಬುಡಿ," ಎಂದು ಅವನು ನಕ್ಕು, ಸಿಪಿಯು ತಾನೇ ತೆಗೆದು ತನ್ನ ಸೀಟಿನ ಮೇಲಿಟ್ಟುಕೊಂಡ. ಹೆಬ್ಬೂರು ದಾಟುವವರೆಗೆ ಅದು ಕೂತು ಬಂತು, ಅವನು ನಿಂತು ಬಂದ.

ಮಾಮ ಕುರ್ಚಿಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಕತ್ತಿಗೆ ಬಿಳಿ ಬಟ್ಟೆ. ನಮ್ಮನ್ನು ನೋಡಿ ತಲೆಯಾಡಿಸಿ ಮತ್ತೆ ಗೋಡೆ. ಚಿಕ್ಕಪ್ಪ ಮೇಜಿನ ಮೇಲೆ ಎಲ್ಲ ಜೋಡಿಸಿದರು, ಕೀಲಿಗಳ ಮೇಲೆ ಕನ್ನಡದ ಅಕ್ಷರ ಬರೆದ ಚೀಟಿಗಳನ್ನು ಗೋಂದು ಹಾಕಿ ಅಂಟಿಸಿದರು, ಆಟ ತೆರೆದಿಟ್ಟರು. ಮೀಸೆಯ ಗದಾಧಾರಿಯೊಬ್ಬ ಪರದೆಯಲ್ಲಿ ಉಸಿರಾಡುತ್ತಾ ನಿಂತ.

"ಲೋ," ಎಂದರು ಚಿಕ್ಕಪ್ಪ. "ಊರಾಚೆ ಒಂದು ಬಾವಿಕಟ್ಟೆ ಐತೆ. ದಿನಾ ಬೆಳಿಗ್ಗೆ ಅಲ್ಲಿರ್ತೀನಿ. ತಾಕತ್ತಿದ್ರೆ ಬಾ."

ಮಾಮ ತಿರುಗಲಿಲ್ಲ. ಬಾಗಿಲವರೆಗೆ ಬಂದ ಅತ್ತೆ, ಅವರ ಹೆಂಡತಿ, "ಬೇಜಾರ್ ಮಾಡ್ಕೋಬೇಡಿ ಅಣ್ಣ," ಎಂದರು. "ಬೇಜಾರಾ? ಯುದ್ಧಕ್ಕೆ ಕರ್ದಿದೀನಿ ಕಣಮ್ಮ," ಎಂದ ಚಿಕ್ಕಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆರಳಿಗಂಟಿದ ಗೋಂದನ್ನು ಉಜ್ಜುತ್ತಾ ಬಂದರು.

ಅಂದಿನಿಂದ ಅವರ ರಾಜ ದಿನವೂ ತಿಂಡಿಯಾದ ಮೇಲೆ ಆ ಬಾವಿಕಟ್ಟೆಗೆ ಹೋಗಿ ನಿಲ್ಲತೊಡಗಿದ. ಯಾರೂ ಬರಲಿಲ್ಲ. ತೋಳಗಳು ಬಂದವು. ಕೆಲವನ್ನು ಹೊಡೆದರು, ಕೆಲವುಗಳಿಂದ ಸತ್ತರು, ಎದ್ದು ಬಂದು ಮತ್ತೆ ನಿಂತರು. "ಬಸ್ಸು ಇಲ್ದಿರೋ ಸ್ಟಾಪಲ್ಲಿ ನಿಂತಂಗೆ ನಿಂತವ್ರೆ," ಎಂದರು ಚಿಕ್ಕಮ್ಮ. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: "ಕುಣಿಗಲ್ಲಿಂದ ನಿಮ್ಮತ್ತೆ ಫೋನ್ ಮಾಡಿದ್ರು ಕಣೇ. ನಿಮ್ಮ ಮಾಮ ಬಾಗಿಲು ಹಾಕ್ಕೊಂಡು ಒಳಗೆ ಟಕ್ ಟಕ್ ಅಂತ ಏನೋ ಕುಟ್ತಾ ಅವ್ರಂತೆ. ಇವ್ರಿಗೆ ಹೇಳ್ಬೇಡ. ಹೇಳಿದ್ರೆ ಈಗ್ಲೇ ಬಸ್ ಹತ್ತಿ ಕಲ್ಸಕ್ಕೆ ಹೋಗ್ತಾರೆ. ಆ ಮನುಷ್ಯ ಮತ್ತೆ ಗೋಡೆ ಕಡೆ ತಿರುಗ್ಕೋತಾನೆ."

ನಾನು ಹೇಳಲಿಲ್ಲ. ಒಂದು ಭಾನುವಾರ ಗುಬ್ಬಿಯಲ್ಲೇ ಇದ್ದೆ. ಚಿಕ್ಕಮ್ಮ ಹುರುಳಿ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಪರದೆಯಲ್ಲಿ ಆಟದ ಊರಿನ ಕಡೆಯಿಂದ ಯಾರೋ ಬರುತ್ತಿರುವುದು ಕಂಡಿತು. ಬರುತ್ತಿದ್ದ ಎನ್ನುವುದಕ್ಕಿಂತ, ಮರಕ್ಕೆ ಗುದ್ದಿಕೊಂಡು, ಹಿಂದಕ್ಕೆ ಸರಿದು, ಬೇಲಿಗೆ ಗುದ್ದಿಕೊಂಡು, ಮತ್ತೆ ಮುಂದುವರಿಯುತ್ತಿದ್ದ. ಹೆಗಲ ಮೇಲೆ ಗದೆ. ಬಾವಿಕಟ್ಟೆಯ ಹತ್ತಿರ ನಿಲ್ಲಲಾಗದೆ ಚಿಕ್ಕಪ್ಪನನ್ನು ದಾಟಿ ಹೋದ. ಆಮೇಲೆ ಪರದೆಯ ಕೆಳಗೆ ಅಕ್ಷರಗಳು ಬಂದವು: "ಹೋಲ್ಡಾನ್."

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವನು ತಿರುಗಿ ಬಂದು ಎದುರು ನಿಂತ. "ರೈಟ್."

ಚಿಕ್ಕಪ್ಪ ತಮ್ಮ ಪದ್ಯ ಟೈಪು ಮಾಡಿದರು. ಎದುರಿನವನು ಗದೆ ಅಲ್ಲಾಡಿಸದೆ ಕೇಳಿದ. ಚಿಕ್ಕಪ್ಪನದು ಮುಗಿಯಿತು. ಈಗ ಆ ಕಡೆಯ ಸರದಿ. "ಎಲವೋ," ಎಂದು ಬಂತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಪದ. ಮತ್ತೊಂದು. ಒತ್ತಕ್ಷರ ಬರುವ ಕಡೆಯೆಲ್ಲ ನಿಂತು, ಹುಡುಕಿ, ಮುಂದೆ ಹೋಗುತ್ತಿತ್ತು.

ಆಗ ಕಾಡಿನಿಂದ ತೋಳ ಬಂತು. ಹೊಸಬರನ್ನು ಆ ಆಟದ ಪ್ರಾಣಿಗಳು ಮುಟ್ಟುವುದಿಲ್ಲ. ಅದು ನೇರ ಚಿಕ್ಕಪ್ಪನ ಕಾಲಿಗೆ ಬಾಯಿ ಹಾಕಿತು.

"ಚಿಕ್ಕಪ್ಪ, ತೋಳ."

ಅವರು ಎರಡೂ ಕೈಯನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೊಡೀರಿ. ಒಂದೇ ಏಟು ಸಾಕು."

"ಪದ್ಯ ಮುಗೀಲಿ ಕಣಮ್ಮ."

ತೋಳ ಕಚ್ಚುತ್ತಲೇ ಇತ್ತು. ಪದಗಳು ಬರುತ್ತಲೇ ಇದ್ದವು. ಕೊನೆಯ ಸಾಲಿಗೆ ಮೊದಲೇ ಚಿಕ್ಕಪ್ಪನ ರಾಜ ನೆಲಕ್ಕೆ ಬಿದ್ದ. ತೋಳ ತನ್ನ ಪಾಡಿಗೆ ಕಾಡಿಗೆ ಹೋಯಿತು. ಮಾಮ ನಿಲ್ಲಿಸಲಿಲ್ಲ. ಸತ್ತು ಮಲಗಿದವನ ಎದುರು ಪದ್ಯವನ್ನು ಕೊನೆಯ ಅಕ್ಷರದವರೆಗೂ ಮುಗಿಸಿದರು.

ಅಡುಗೆಮನೆಯಿಂದ ಎಂದಿನ ದನಿ ಬರಲಿಲ್ಲ. ತಿರುಗಿ ನೋಡಿದರೆ ಚಿಕ್ಕಮ್ಮ ಸೌಟು ಹಿಡಿದು ನನ್ನ ಹಿಂದೆಯೇ ನಿಂತಿದ್ದರು.

ಆ ಆಟದಲ್ಲಿ ಸತ್ತವರೂ ಟೈಪು ಮಾಡಬಹುದು. ಚಿಕ್ಕಪ್ಪ ಒಂದೊಂದೇ ಅಕ್ಷರ ಒತ್ತಿದರು: "ಒನ್ಸ್ ಮೋರ್."

ಆ ಕಡೆಯಿಂದ ಉತ್ತರ ತಡವಾಯಿತು. "ಎದ್ದು ಕೇಳ್ಲಾ."

ಚಿಕ್ಕಪ್ಪ ಎದ್ದರು. ಆಟದಲ್ಲಲ್ಲ, ಕುರ್ಚಿಯಿಂದ ಎದ್ದು, ಪಂಚೆ ಸರಿಮಾಡಿಕೊಂಡು, ಮತ್ತೆ ಕೂತು, ತಮ್ಮ ರಾಜನನ್ನು ಎಬ್ಬಿಸಿ ಬಾವಿಕಟ್ಟೆಗೆ ತಂದು ನಿಲ್ಲಿಸಿದರು. ಮೊದಲಿನಿಂದ ಶುರುವಾಯಿತು. ಎಲವೋ.

ಇದೆಲ್ಲ ನಾನು ಕಣ್ಣಾರೆ ಕಂಡದ್ದು. ಆದರೆ ಒಂದು ತೊಡಕಿದೆ. ಆ ಎರಡನೇ ಸಲದ ಪದ್ಯವನ್ನು ನಾನು ಓದಿದ ನೆನಪಿಲ್ಲ, ಕೇಳಿದ ನೆನಪಿದೆ. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ಬಸ್ಸೂ ಹೊರಡುತ್ತಿತ್ತಲ್ಲ, ಅದೇ ದನಿಯಲ್ಲಿ. ಆ ಮನೆಯ ಸ್ಪೀಕರ್ ಅಟ್ಟದ ಮೇಲಿದೆ ಎಂದು ನನಗೆ ಚೆನ್ನಾಗಿ ಗೊತ್ತು. ಚಿಕ್ಕಮ್ಮನನ್ನು ಕೇಳೋಣವೆಂದುಕೊಂಡೆ, ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಬಸ್ಸಾರು ಸೀದುಹೋಯಿತೆಂದು ಒಳಗೆ ಹೋದರು. ಆ ದಿನದ ಡೈರಿಯಲ್ಲಿ "ಕೇಳಿಸಿತು" ಎಂದೇ ಬರೆದಿದ್ದೇನೆ. ತಿದ್ದಿಲ್ಲ.